ಉಸಿರಿಲ್ಲದ ಮಡುವಿನಲ್ಲಿ ಬಾಳುವ ಶಾರ್ಕ್

ಈಜು ನಿಲ್ಲಿಸಿದರೆ ಶಾರ್ಕ್ ಸಾಯುತ್ತದೆ ಎಂಬ ಮಾತು ಎಲ್ಲ ಶಾರ್ಕ್‌ಗಳಿಗೂ ಒಪ್ಪುವುದಿಲ್ಲ. ಉತ್ತರ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಹವಳದ ದಿಬ್ಬಗಳಲ್ಲಿರುವ ಎಪೊಲೆಟ್ ಶಾರ್ಕ್ ಹಗಲೆಲ್ಲ ಹವಳದ ಸಂದಿಯಲ್ಲಿ ಅಲುಗಾಡದೆ ಮಲಗಿರುತ್ತದೆ. ಬಾಯಿಂದ ನೀರೆಳೆದು ಕಿವಿರಿಗೆ ಒತ್ತುವ ಸ್ನಾಯುಗಳಿರುವುದರಿಂದ ಅದಕ್ಕೆ ಈಜುತ್ತಲೇ ಇರಬೇಕಾದ ಹಂಗಿಲ್ಲ. ಸುಮಾರು ಒಂದು ಮೀಟರ್ ಉದ್ದದ ಮೈ. ಅದರಲ್ಲಿ ಬಾಲದ್ದೇ ದೊಡ್ಡ ಪಾಲು. ಎರಡೂ ಪಕ್ಕದಲ್ಲಿ ಬಿಳಿ ಅಂಚಿನ ಕಪ್ಪು ಬೊಟ್ಟು.

ಕತ್ತಲಾದ ಮೇಲೆ ಅದು ಬೇಟೆಗೆ ಹೊರಡುತ್ತದೆ, ಅದೂ ನಡೆದುಕೊಂಡು. ಎದೆಯ ಮತ್ತು ಹೊಟ್ಟೆಯ ಅಗಲ ಈಜುರೆಕ್ಕೆಗಳನ್ನು ಊರಿ, ಮೈ ಬಳುಕಿಸುತ್ತ ಮುಂದೆ ಸರಿಯುತ್ತದೆ. ಇಳಿತದಲ್ಲಿ ನೀರು ಬತ್ತಿದರೆ ಹವಳದ ಮೇಲೇ ಹಾದು ಪಕ್ಕದ ಮಡುವಿಗೆ ಇಳಿಯುತ್ತದೆ. ಮರಳಲ್ಲಿ ಅಡಗಿದ ಹುಳು, ಏಡಿಗಳ ಮೈಯಿಂದ ಹೊಮ್ಮುವ ಕ್ಷೀಣ ವಿದ್ಯುತ್ತನ್ನು ಅದರ ಮೂತಿ ಗ್ರಹಿಸುತ್ತದೆ.

ಆದರೆ ರಾತ್ರಿಯ ಆ ಮಡು ಉಸಿರು ಕಟ್ಟಿಸುವ ಜಾಗ. ಕಡಲಿನಿಂದ ಬೇರೆಯಾದ ನೀರಿನಲ್ಲಿ ಹವಳ, ಪಾಚಿ, ಮೀನು ಎಲ್ಲವೂ ಆಕ್ಸಿಜನ್ ಬಳಸುತ್ತವೆ. ಬಿಸಿಲಿಲ್ಲದೆ ಹೊಸದು ಹುಟ್ಟುವುದಿಲ್ಲ. ಆಗ ಈ ಶಾರ್ಕಿನ ಉಸಿರೂ ಹೃದಯಬಡಿತವೂ ನಿಧಾನವಾಗುತ್ತವೆ. ರಕ್ತದೊತ್ತಡ ಕುಸಿದರೂ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗದು. ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚಿ, ಮಿದುಳಿನ ಶಕ್ತಿವೆಚ್ಚವನ್ನೇ ತಗ್ಗಿಸುತ್ತದೆ. ಸಾಮಾನ್ಯ ಮಟ್ಟದ ಶೇಕಡಾ 5ರಷ್ಟೇ ಆಕ್ಸಿಜನ್ ಇದ್ದ ನೀರಿನಲ್ಲೂ ಇದು ಮೂರು ಗಂಟೆಗೂ ಹೆಚ್ಚು ಬದುಕುಳಿದದ್ದನ್ನು ಪ್ರಯೋಗಗಳು ತೋರಿಸಿವೆ. ಬೇರೆ ಬೇಟೆಗಾರರು ಕಾಲಿಡಲಾಗದ ಕಡೆ ಇದಕ್ಕೆ ಊಟವೂ ಉಂಟು, ರಕ್ಷಣೆಯೂ ಉಂಟು.

ಇಷ್ಟು ಗಟ್ಟಿ ಜೀವಿಯ ದುರ್ಬಲ ಘಟ್ಟ ಮೊಟ್ಟೆ. ತಾಯಿ ಸಾಮಾನ್ಯವಾಗಿ ಎರಡೆರಡಾಗಿ ಇಡುವ ಮೊಟ್ಟೆಗಳು ತಿಂಗಳುಗಟ್ಟಲೆ ತಳದಲ್ಲೇ ಇರುತ್ತವೆ. ನೀರು ಕಾದರೆ ಒಳಗಿನ ಮರಿ ತಂಪು ಹುಡುಕಿ ಹೋಗಲಾರದು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 125 ದಿನಕ್ಕೆ ಒಡೆಯುವ ಮೊಟ್ಟೆಗಳು 31 ಡಿಗ್ರಿಯಲ್ಲಿ ಸುಮಾರು 100 ದಿನಕ್ಕೇ ಒಡೆದವು. ಮೊಟ್ಟೆಯೊಳಗಿನ ಆಹಾರ ಭಂಡಾರವನ್ನು ಬೇಗ ಕರಗಿಸಿಕೊಂಡ ಆ ಮರಿಗಳು ಸಣ್ಣವಾಗಿದ್ದವು, ಹುಟ್ಟುತ್ತಲೇ ನಿತ್ರಾಣಗೊಂಡಿದ್ದವು.

ನಮ್ಮ ಅರಬ್ಬಿ ಸಮುದ್ರದಲ್ಲೂ ಇದೇ ಕುಟುಂಬದ ಬಿದಿರು ಶಾರ್ಕ್‌ಗಳಿವೆ. ಅವೂ ಕಡಲ ತಳದಲ್ಲೇ ಮೊಟ್ಟೆಯಿಡುತ್ತವೆ. ಇಳಿತದ ಸಂಕಟ ಕೆಲವು ಗಂಟೆಗಳದ್ದು, ಉಬ್ಬರ ಬಂದರೆ ಮುಗಿಯುತ್ತದೆ. ಕಾದ ಕಡಲಿಗೆ ಅಂಥ ಬಿಡುವಿಲ್ಲ. ಎಪೊಲೆಟ್ ಶಾರ್ಕ್ ಇಂದು ಅಳಿವಿನಂಚಿನಲ್ಲಿಲ್ಲ. ಅದರ ತಾಳ್ಮೆ ದೊಡ್ಡದೆಂದು ನಾವು ನಿಶ್ಚಿಂತರಾಗುವುದು ಮಾತ್ರ ತರವಲ್ಲ.