ಹೊಂಡ ಬತ್ತಬೇಕು, ಮೀನು ಉಳಿಯಬೇಕು

ನೀರು ಬತ್ತಿದರೆ ಮೀನು ಸಾಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ದಕ್ಷಿಣ ಮೊಜಾಂಬಿಕ್‌ನಲ್ಲೂ ಅದಕ್ಕೆ ತಾಗಿದ ಜಿಂಬಾಬ್ವೆಯ ಗಡಿಯಲ್ಲೂ ಒಂದು ಮೀನಿದೆ. ಅದು ಬದುಕುವ ಹೊಂಡ ಬತ್ತಲೇಬೇಕು, ಇಲ್ಲವಾದರೆ ಅದರ ಸಂತಾನಕ್ಕೇ ಸಂಚಕಾರ.

ಹೆಸರು ನೊಥೊಬ್ರಾಂಕಿಯಸ್ ಫರ್ಝೆರಿ. ಅಕ್ವೇರಿಯಂ ಹವ್ಯಾಸಿಗಳ ಬಾಯಲ್ಲಿ ಟರ್ಕಾಯ್ಸ್ ಕಿಲ್ಲಿಫಿಶ್. 1968ರಲ್ಲಿ ರಿಚರ್ಡ್ ಫರ್ಝರ್ ಇದನ್ನು ಆಗ ರೊಡೇಷಿಯಾ ಎನಿಸಿದ್ದ ಜಿಂಬಾಬ್ವೆಯ ಗೊನರೆಝೌ ಪ್ರದೇಶದಲ್ಲಿ ಹಿಡಿದರು. 1971ರಲ್ಲಿ ಅವರ ಹೆಸರೇ ಮೀನಿಗೂ ಬಂತು. ಉದ್ದ ಹೆಚ್ಚೆಂದರೆ ಆರೇಳು ಸೆಂಟಿಮೀಟರ್. ಗಂಡಿನ ಮೈಮೇಲೆ ನೀಲಿ-ಹಸಿರು ಹೊಳಪು, ಒಂದೊಂದು ಹುರುಪೆಯ ಅಂಚಿಗೂ ಕೆಂಗಂದು ಗೆರೆ. ಕೆಲವು ಗಂಡುಗಳ ಬಾಲ ಕೆಂಪು, ಕೆಲವಕ್ಕೆ ಹಳದಿ. ಹೆಣ್ಣು ಮಾತ್ರ ಮಾಸಲು ಬೂದು. ಬಕ, ಕೊಕ್ಕರೆಗಳು ಹೊಂಚು ಹಾಕುವ ಕಡೆ ಜಾಣ ಬಣ್ಣ ಯಾವುದೆಂದು ಹೇಳಬೇಕಿಲ್ಲ.

ಇದರ ಮನೆಯೆಂದರೆ ಹುಲ್ಲುಗಾವಲಿನ ತಗ್ಗುಗಳಲ್ಲಿ ಮಳೆಗಾಲಕ್ಕಷ್ಟೇ ನಿಲ್ಲುವ ಕದಡಿದ ನೀರು. ಅಡಿಯಲ್ಲಿರುವುದು ಒದ್ದೆಯಾದರೆ ಉಬ್ಬಿ, ಒಣಗಿದರೆ ಬಾಯ್ಬಿಡುವ ಕಪ್ಪು ಜೇಡಿ. ಗದಗ, ವಿಜಯಪುರದ ರೈತರಿಗೆ ಅದನ್ನು ಬಣ್ಣಿಸಿ ಹೇಳಬೇಕಿಲ್ಲ, ನಮ್ಮ ಎರೆಮಣ್ಣಿನ ಜಾತಿಯದೇ.

ಹೊಂಡ ತುಂಬಿದ ಕೆಲವೇ ಗಂಟೆಗಳಲ್ಲಿ ಮಣ್ಣಿನೊಳಗಿನ ಮೊಟ್ಟೆಗಳು ಒಡೆಯುತ್ತವೆ. ಅಲ್ಲಿಂದ ಎಲ್ಲವೂ ಅವಸರದಲ್ಲೇ. ಮೊಜಾಂಬಿಕ್‌ನ ಹೊಂಡಗಳಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮರಿಗಳು 14 ದಿನಕ್ಕೇ ಸಂತಾನಕ್ಕೆ ಸಿದ್ಧ! ಗಂಡು ಹೆಣ್ಣಿನ ಪಕ್ಕ ಸರಿದು, ಬೆನ್ನಿನ ರೆಕ್ಕೆಯನ್ನು ಅವಳ ಮೇಲೆ ಹೊದಿಸಿ, ತಳಕ್ಕೆ ಒತ್ತುತ್ತದೆ. ಎರಡೂ ಬಾಗಿ ಒಮ್ಮೆ ನಡುಗುತ್ತವೆ, ಒಂದು ಮೊಟ್ಟೆ ಕೆಸರಿಗೆ ಸೇರುತ್ತದೆ. ಗಾತ್ರ ಸಣ್ಣ ಸಾಸಿವೆಯಷ್ಟು. ಹೀಗೆ ದಿನವೂ ಹತ್ತಾರು ಸಲ, ನೀರಿರುವಷ್ಟು ದಿನ.

ನೀರು ಇಂಗಿದ ಮೇಲೆ ದೊಡ್ಡವೆಲ್ಲ ಸಾಯುತ್ತವೆ. ಮೊಟ್ಟೆಯೊಳಗಿನ ಭ್ರೂಣ ಮಾತ್ರ ಬೆಳವಣಿಗೆಯನ್ನೇ ನಿಲ್ಲಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಯಬಲ್ಲದು. ಹೀಗೆ ತಡೆದು ನಿಲ್ಲುವ ಹಂತಗಳು ಮೂರು; ಕೊನೆಯದರಲ್ಲಿ ಮರಿ ಪೂರ್ತಿ ಸಿದ್ಧವಾಗಿ ನೀರಿಗಾಗಿ ಕಾದಿರುತ್ತದೆ. ಎಲ್ಲ ಮೊಟ್ಟೆಗಳೂ ಒಂದೇ ಲಯದಲ್ಲಿ ಸಾಗುವುದಿಲ್ಲ ಎನ್ನುವುದೇ ಇದರ ಗುಟ್ಟು. ಮೊದಲ ಮಳೆ ಕೈಕೊಟ್ಟು ಒಂದಷ್ಟು ಮರಿ ಸತ್ತರೂ ಮುಂದಿನ ಮಳೆಗೆ ಮಣ್ಣಿನಲ್ಲಿ ದಾಸ್ತಾನು ಇರುತ್ತದೆ.

ಪ್ರಯೋಗಾಲಯಗಳಿಗೆ ಇದರ ಮೇಲೆ ಪ್ರೀತಿ ಉಕ್ಕಿದ್ದು ಬಣ್ಣ ನೋಡಿ ಅಲ್ಲ, ಮುಪ್ಪು ನೋಡಿ. ಗೊನರೆಝೌದಿಂದ ಬಂದ ತಳಿಯನ್ನು ತೊಟ್ಟಿಯಲ್ಲಿ ಎಷ್ಟೇ ಚೆನ್ನಾಗಿ ಸಾಕಿದರೂ ಮೂರ್ನಾಲ್ಕು ತಿಂಗಳಲ್ಲಿ ಮುದಿಯಾಗಿ ಸಾಯುತ್ತದೆಂದು 2003ರಿಂದೀಚೆಗೆ ತಿಳಿದುಬಂತು. ಬಣ್ಣ ಮಾಸುತ್ತದೆ, ಬೆನ್ನು ಬಾಗುತ್ತದೆ, ಕಲಿಯುವ ಶಕ್ತಿ ಕುಗ್ಗುತ್ತದೆ. ಹೆಚ್ಚು ಮಳೆ ಬೀಳುವ ಕಡೆಯ ತಳಿಗಳು ಇದಕ್ಕಿಂತ ಹೆಚ್ಚು ಕಾಲ ಬದುಕುತ್ತವೆ. ಅಲ್ಲಿ ಹೊಂಡದ ಆಯುಸ್ಸೂ ಹೆಚ್ಚು. 2015ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ಇದರ ಜೀನೋಮನ್ನೇ ಓದಿದವು.

ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲೂ ಇದರ ದೂರದ ನೆಂಟ ಆಪ್ಲೊಕೈಲಸ್ ಇದೆ. ಅದು ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತದೆ, ಬತ್ತದ ನೀರನ್ನೇ ನಂಬಿದೆ. ಫರ್ಝೆರಿಯ ಲೆಕ್ಕ ತಿರುಗುಮುರುಗು. ವರ್ಷವಿಡೀ ನೀರು ನಿಂತರೆ ದೊಡ್ಡ ಮೀನುಗಳು ಬಂದು ಇದನ್ನು ಮುಗಿಸುತ್ತವೆ. ಕೆಸರು ಒಣಗದೆ, ಗಾಳಿಯಾಡದೆ ಮೊಟ್ಟೆಯೂ ಸರಿಯಾಗಿ ಮುಂದುವರಿಯದು. ಬೇಸಿಗೆಯಲ್ಲಿ ಒಣಗುವ ಗುಂಡಿಯನ್ನು ಕಂಡರೆ ಮುಚ್ಚಿಬಿಡೋಣ ಅನ್ನುವವರಿದ್ದಾರೆ, ಆಳಕ್ಕೆ ತೋಡಿ ಸಾಕುಮೀನು ಬಿಡೋಣ ಅನ್ನುವವರೂ ಇದ್ದಾರೆ. ಫರ್ಝೆರಿಯ ಹೊಂಡದ ಮಟ್ಟಿಗೆ ಎರಡನೆಯವರ ಉಪಕಾರವೂ ಮೊದಲಿನವರಷ್ಟೇ ಅಪಾಯಕಾರಿ.