ಈಜುಕೊಳದಲ್ಲಿ ಚಿನ್ನ!

ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗೋದು ಕೆಲವೇ ಗ್ರಾಂ ಚಿನ್ನ. ಆದ್ರೆ 2019ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಒಂದು ಕಟ್ಟಡದ ಮೇಲಿನ ಈಜುಕೊಳದಲ್ಲಿ ಸಿಕ್ಕಿದ್ದು 303 ಕೆಜಿ ಬಿಸ್ಕತ್ತು! ಥಳಥಳ ಹೊಳೆಯೋ ಬಿಸ್ಕತ್ತು.

ಎಲ್ಲಾ ನಕಲಿ.

ಇಂಥದೇ ಹುಸಿ ಹೊಳಪಿನ ಕಥೆ ಹೇಳೋ ‘ಆರ್ಬಿಟ್ರಾಜ್’ ಅಂತ 2012ರ ಹಾಲಿವುಡ್ ಥ್ರಿಲ್ಲರ್ ಇದೆ. ರಿಚರ್ಡ್ ಗೇರ್ ಅದರಲ್ಲಿ ದೊಡ್ಡ ಹಣಕಾಸು ಕುಳ. ಮೈಮೇಲೆ ದುಬಾರಿ ಸೂಟು, ಲೆಕ್ಕದ ಪುಸ್ತಕದಲ್ಲಿ ದೊಡ್ಡ ತೂತು. ಅದನ್ನ ಮುಚ್ಚೋಕೆ ಸಾಲ, ಸಾಲ ಮುಚ್ಚೋಕೆ ಸುಳ್ಳು.

ನಮ್ಮಲ್ಲಿ? ಆ ನಕಲಿ ಬಿಸ್ಕತ್ತಿನ ಹಿಂದಿದ್ದ ಹೂಡಿಕೆ ಕಂಪನಿ ಐಎಂಎ ಪ್ರಕರಣ ನೋಡ್ರಿ. ಹಲಾಲ್ ಹೂಡಿಕೆ, ತಿಂಗಳು ತಿಂಗಳು ಲಾಭ ಅಂದ್ರು. ಸಾವಿರಾರು ಮಂದಿ ದುಡ್ಡು ಹಾಕಿದ್ರು. 2019ರ ಜೂನ್‌ನಲ್ಲಿ ಮಾಲೀಕ ಮನ್ಸೂರ್ ಖಾನ್‌ನ ಒಂದು ಆಡಿಯೊ ಕ್ಲಿಪ್ ಹರಿದಾಡಿತು. ಅಷ್ಟರಲ್ಲಿ ಅವನು ದುಬೈನಲ್ಲಿ. ಜುಲೈನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧನ. ಆಮೇಲೆ ಸಿಬಿಐ ತನಿಖೆ.

ಇಂಥ ಪೊಂಜಿ ಸ್ಕೀಮಿನ ಗುಟ್ಟು ಇಷ್ಟೇ: ಇವತ್ತು ಬಂದವನ ಅಸಲೇ ನಿನ್ನೆ ಬಂದವನ ಲಾಭ. ಹೊಸಬರು ನಿಂತರೆ ಆಟ ಮುಗೀತು.

ಮಸ್ಕಿಯ ಬಂಡೆ ನೆನಪಿದೆಯಾ? 1915ರಲ್ಲಿ ಚಿನ್ನ ಹುಡುಕ್ತಿದ್ದ ಇಂಜಿನಿಯರ್ ಬೀಡನ್‌ಗೆ ಅಲ್ಲಿ ಅಶೋಕನ ಹೆಸರಿರೋ ಶಾಸನ ಸಿಕ್ತು. ಅದು ಕಲ್ಲಲ್ಲಿ ಕೊರೆದ ಮಾತು, ಅಳಿಸೋಕಾಗಲ್ಲ. ಸ್ಕೀಮಿನವರ ಮಾತು ನೀರ ಮೇಲಿನ ಬರಹ.

ಸಿಂಧನೂರಿನ ಅಣ್ಣಾರ, ಭತ್ತ ಮಾರಿದ ದುಡ್ಡು ಕೈಗೆ ಬಂದಾಗ ಯಾರಾದ್ರೂ ಬಾಗಿಲು ತಟ್ಟಿದ್ರೆ, ಮೊದಲು ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ಅವರಿಗೆ ಠೇವಣಿ ತಗೊಳ್ಳೋ ಅನುಮತಿ ಇದೆಯಾ ನೋಡ್ರಿ. ಆಮೇಲೆ ಮಾತು.