ಬಲ್ಮಠದ ಗುಡ್ಡ ಮತ್ತು ಹೆಂಚಿನ ಋಣ

ಮಂಗಳೂರಿನ ಬಲ್ಮಠದ ಗುಡ್ಡವು ಹೊರನೋಟಕ್ಕೆ ಬರಿಯ ಕಲ್ಲು. ಒಳಗಾದರೋ ಅದೊಂದು ನೀರಿನ ಉಗ್ರಾಣ. ಕರಾವಳಿಯವರು ಮುರಕಲ್ಲೆಂದು ಕರೆಯುವ ಈ ಬಗೆಯ ಕೆಂಪು ಶಿಲೆಗೆ ‘ಲ್ಯಾಟರೈಟ್’ ಎಂಬ ಹೆಸರನ್ನಿತ್ತವನು ಫ್ರಾನ್ಸಿಸ್ ಬುಕಾನನ್. ಈಸ್ಟ್ ಇಂಡಿಯಾ ಕಂಪೆನಿಗಾಗಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಆತನು 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆ ಹೆಸರನ್ನು ಬಳಸಿದನು. ಲ್ಯಾಟಿನ್ ಭಾಷೆಯಲ್ಲಿ ‘ಲಾಟೆರ್’ ಎಂದರೆ ಇಟ್ಟಿಗೆ. ಆಳುವವರ ಕಣ್ಣಿಗೆ ಗುಡ್ಡವು ಮೊದಲು ಕಂಡುದು ಕಟ್ಟಡದ ಸಾಮಗ್ರಿಯಾಗಿ.

ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು, ಅಡಿಯ ಜೇಡಿಯ ಪದರವನ್ನು ಮುಟ್ಟಿ, ಅಡ್ಡಲಾಗಿ ಹರಿದು, ಗುಡ್ಡದ ಬುಡದ ಬಾವಿ ಒರತೆಗಳಿಗೆ ಒದಗುತ್ತದೆ. ಗುಡ್ಡದ ನೆತ್ತಿಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಏನಾದೀತು? ನೀರು ಒಳಗಿಳಿಯದೆ ತಗ್ಗಿನತ್ತ ಧಾವಿಸುತ್ತದೆ. ಮಳೆಗಾಲದಲ್ಲಿ ತಗ್ಗಿನ ಮನೆಗೆ ನೆರೆ. ಬೇಸಗೆಯಲ್ಲಿ ಅದೇ ಮನೆಯ ಬಾವಿಗೆ ಬರ. ಮೇಲಿನವರ ಅನುಕೂಲದ ಬೆಲೆಯನ್ನು ಕೆಳಗಿನವರು ತೆರುತ್ತಾರೆ. ಪರಿಸರ ನ್ಯಾಯವೆಂಬ ಶಾಸ್ತ್ರದ ಮೂಲ ಪ್ರಶ್ನೆಯೇ ಇದು: ಲಾಭ ಯಾರಿಗೆ, ಹೊರೆ ಯಾರಿಗೆ?

ಈ ಪ್ರಶ್ನೆಗೆ ಹಳೆಯ ಬೇರುಗಳಿವೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಬಲ್ಮಠದಲ್ಲಿ ನೆಲೆಯೂರಿ, 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಅವರಲ್ಲೊಬ್ಬನಾದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ಜಾತಿಯಿಂದ ಹೊರಬಿದ್ದು ಜೀವನೋಪಾಯವನ್ನು ಕಳೆದುಕೊಂಡವರಿಗೆ ಅದರಿಂದ ಕೆಲಸ ದೊರೆಯಿತು. ಮಂಗಳೂರು ಹೆಂಚು ಸಮುದ್ರದಾಚೆಗೂ ಹೋಯಿತು. ಇದು ಲೆಕ್ಕದ ಒಂದು ಬದಿ. ಹೆಂಚಿಗೆ ಬೇಕಾದ ಜೇಡಿಮಣ್ಣು ನೇತ್ರಾವತಿ, ಗುರುಪುರ ನದಿಗಳ ದಡದಿಂದ ಬಂದಿತು. ಆವಿಗೆಗೆ ಬೇಕಾದ ಸೌದೆ ಕಾಡಿನಿಂದ ಬಂದಿತು. ಅಗೆದ ಹೊಂಡ, ಕಡಿದ ಮರ, ಇವುಗಳ ಬೆಲೆ ಹೆಂಚಿನ ಕ್ರಯದಲ್ಲಿ ಸೇರಲಿಲ್ಲ. ಇದು ಇನ್ನೊಂದು ಬದಿ.

ವಸಾಹತು ಆಳಿಕೆ 1947ರಲ್ಲಿ ಮುಗಿಯಿತು. ಆ ಲೆಕ್ಕದ ರೀತಿ ಮಾತ್ರ ಮುಗಿಯಲಿಲ್ಲ. ನಗರವು ಬಿಸುಟ ಕಸವೆಲ್ಲ ಪಚ್ಚನಾಡಿಯಲ್ಲಿ ಬೆಟ್ಟವಾಗಿ ಬೆಳೆಯಿತು. 2019ರ ಆಗಸ್ಟ್ ತಿಂಗಳ ಮಳೆಗೆ ಆ ಬೆಟ್ಟ ಜರಿದು, ಕೆಳಗಿನ ಮಂದಾರದ ಮನೆಗಳನ್ನೂ ತೋಟಗಳನ್ನೂ ಆವರಿಸಿತು. ಕಸ ನಗರದ್ದು, ಮುಳುಗಿದ ತೋಟ ಅಲ್ಲಿಯ ಕೃಷಿಕರದು.

ಆದುದರಿಂದ ನಗರದ ಪರಿಸರವನ್ನು ಅಭ್ಯಸಿಸುವವರಿಗೆ ಮರಗಳ ಗಣನೆಯೊಂದೇ ಸಾಲದು. ದಫ್ತರಗಳನ್ನೂ ಭೂನಕಾಶೆಗಳನ್ನೂ ಓದಬೇಕು, ತಗ್ಗಿನಲ್ಲಿ ಬಾಳುವವರ ಮಾತನ್ನೂ ಕೇಳಬೇಕು. ಇದಕ್ಕೆ ದೊಡ್ಡ ಯಂತ್ರಗಳು ಬೇಡ. ನಮ್ಮ ಅಂಗಳದ ಮಳೆನೀರು ಎಲ್ಲಿಗೆ ಹೋಗುತ್ತದೆ, ನಮ್ಮ ಮನೆಯ ಕಸ ಯಾರ ನೆರೆಯಲ್ಲಿ ಬೀಳುತ್ತದೆ ಎಂಬುದನ್ನು ಹಿಂಬಾಲಿಸಿ ನೋಡಿದರೆ, ಆ ಅಭ್ಯಾಸದ ಮೊದಲ ಪಾಠವನ್ನು ನಾವು ಕಲಿತಂತೆಯೇ.